ಗೆರೆ ನೋಡಿ ಹಾಡು ಕಟ್ಟಿದವರು

ಚಳ್ಳಕೆರೆಯಲ್ಲಿ ನಮ್ಮ ಪಕ್ಕದ ಮನೆಯವರು ಎಣ್ಣೆ ಮಿಲ್ಲಿನ ಮೆಕ್ಯಾನಿಕ್. ಮನೆಯಲ್ಲೇ ಕಂಪ್ಯೂಟರಿನಲ್ಲಿ ಹಾಡು ಮಾಡುತ್ತಿದ್ದರು. ರಾಂಪುರ, ಬಿ.ಜಿ. ಕೆರೆಯಿಂದ ಹಾಡುವವರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಪರದೆಯ ಮೇಲೆ ದನಿಯ ಗೆರೆ ಏರಿಳಿಯುವಾಗ ಅದಕ್ಕೆ ಬೆರಳಿಟ್ಟು, "ಗೆರೆ ನೋಡ್ರಿ, ಇಲ್ಲಿ ಉಸಿರು ತಪ್ಪೈತೆ" ಅನ್ನುತ್ತಿದ್ದರು. ಅವರು ಹೇಳಿದ್ದು ಒಮ್ಮೆಯೂ ಸುಳ್ಳಾಗುತ್ತಿರಲಿಲ್ಲ.

ಒಂದು ಭಾನುವಾರ ಹೊಸ ಹಾಡು ಕೇಳಿಸಲು ನನ್ನನ್ನು ಕರೆದರು. ಪರದೆ ನೋಡುತ್ತಾ, ತೊಡೆಯ ಮೇಲೆ ತಾಳ ಹಾಕುತ್ತಾ, "ಹೆಂಗೈತ್ರಿ?" ಎಂದರು. ಕೋಣೆಯಲ್ಲಿ ಸದ್ದೇ ಇರಲಿಲ್ಲ. ಸ್ಪೀಕರಿನಿಂದ ವೈರು ಕಳಚಿ ನೆಲದ ಮೇಲೆ ಬಿದ್ದಿತ್ತು. ನಾನು ವೈರಿನತ್ತ ಕೈ ತೋರಿಸಿದೆ.

ಅವರ ತಾಳ ನಿಂತಿತು. "ಮಿಲ್ಲಿನ ಸದ್ದಿಗೆ ಕಿವಿ ಪೂರ್ತಿ ಹೋಗಿ ಮೂರು ವರ್ಷ ಆತು. ತುಟಿ ನೋಡಿ ಮಾತಾಡ್ತೀನಿ. ಯಾರಿಗೂ ಹೇಳ್ಬ್ಯಾಡ್ರಿ, ಹಾಡೋರು ಬರಲ್ಲ" ಎಂದರು.

ನಾನು ವೈರು ಸಿಕ್ಕಿಸಿದೆ. ಹಾಡು ಕೋಣೆ ತುಂಬಿತು, ಎಲ್ಲಿಯೂ ತಪ್ಪಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.