ಮದುವೆ ಕಾಗದದಲ್ಲಿ ಕುಣಿದ ಹೆಸರು

ಮಕ್ಕಳೇ, ನಿಮ್ಮ ಅಪ್ಪ ಅಮ್ಮನ ಮದುವೆಗೆ ಕರೆದ ಕಾಗದ ಪೆಟ್ಟಿಗೆಯಲ್ಲಿ ಸಿಕ್ಕಿತೆಂದು ತಂದು, ಮದುಮಗನ ಹೆಸರಿಗಿಂತ ತೀರಿಹೋದ ಅಜ್ಜನ ಹೆಸರು ಏಕೆ ಅಷ್ಟು ದಪ್ಪ ಎಂದು ಕೇಳಿದಿರಿ. ಒಳಗೆ ಕೆಲಸವಿದೆಯೆಂದು ನಾನು ಎದ್ದು ಹೋದೆ. ಕೆಲಸವೇನೂ ಇರಲಿಲ್ಲ. ಬಾಯಲ್ಲಿ ಹೇಳಲು ಬಾರದ್ದನ್ನು ಬರೆದು ನೋಡುತ್ತೇನೆ.

ಅದು ಆಟದ ನೋಟೀಸಿನ ಅಕ್ಷರ. ಯಕ್ಷಗಾನದ ಆಟ ಆಡುವ ಮೇಳದವರು ತಲ್ಲೂರಿನ ಗೋಡೆಗಳಿಗೆ ಅಂಟಿಸುವ ಕಾಗದದಲ್ಲಿ ನೀವೂ ನೋಡಿದ್ದೀರಿ: ಹೊಟ್ಟೆ ಮುಂದೆ, ಕಾಲು ಅಗಲ, ತಲೆಕಟ್ಟು ಓರೆಯಾಗಿ ಸುತ್ತಿದ ಮುಂಡಾಸಿನ ಹಾಗೆ. ನಾಲ್ಕನೇ ಕ್ಲಾಸಿನ ತನಕ ನಾನು ಕಲಿತ ಅಕ್ಷರಗಳೆಲ್ಲ ಕೈಕಟ್ಟಿ ನಿಲ್ಲುವಂಥವು. ಇವಕ್ಕೆ ಮರ್ಯಾದೆ ಇಲ್ಲವೋ, ನಮ್ಮ ಶಾಲೆಯ ಅಕ್ಷರಗಳಿಗೆ ಧೈರ್ಯ ಇಲ್ಲವೋ, ನನಗೆ ತಿಳಿಯದು. ಇಡೀ ಕಾಗದದಲ್ಲಿ ಅವೇ ತುಂಬಿದರೆ ಮಾತ್ರ ತಲೆನೋವು. ಗಟ್ಟಿ ಮಾತಿನ ಭಾವ ಊಟದ ಪಂಕ್ತಿಯಲ್ಲಿ ಒಬ್ಬರಿದ್ದರೆ ಚೆಂದ. ನಾಲ್ವರಿದ್ದರೆ ಸಾರು ಬೇಕೆಂದು ಕೂಗಿದ್ದು ಯಾರಿಗೂ ಕೇಳುವುದಿಲ್ಲ.

ನಿಮ್ಮ ಅಮ್ಮನ ಮದುವೆ ಗೊತ್ತಾದಾಗ ನನ್ನ ಯಜಮಾನರು, ಅಂದರೆ ನಿಮ್ಮ ಅಜ್ಜ, ತೀರಿಕೊಂಡು ಎರಡು ವರ್ಷವಾಗಿತ್ತು. ಮದುವೆ ಕಾಗದದ ಕರಡನ್ನು ನನ್ನ ಮೈದುನ ಕುಂದಾಪುರದ ಪ್ರೆಸ್ಸಿನಿಂದ ತಂದರು. ಅದರಲ್ಲಿ ಅಜ್ಜನ ಹೆಸರು ‘ದಿವಂಗತ’ದ ಹಿಂದೆ ಎಳ್ಳುಕಾಳಿನಷ್ಟು. ನನ್ನ ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ಕರಡನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು.

“ನನ್ ಮಗ ಎಂತ ಕಳ್ಳನಾ ಹೆಣೆ, ಇಷ್ಟ್ ಸಣ್ಣಕ್ಕೆ ಅಡ್ಗಿ ಕೂಕಂಬುಕೆ? ಕಣ್ಣ್ ಪೂರ್ತಿ ಹೋಪುದ್ರೊಳ್ಗೆ ಅವ್ನ್ ಹೆಸ್ರ್ ಒಂದ್ಸಲ ಕಾಣ್ಕ್” ಎಂದು ನನಗೆ ಹೇಳಿದರು. ಅಡಗಿ ಕೂತ ಆ ಹೆಸರನ್ನು ಕಣ್ಣಾರೆ ನೋಡಬೇಕೆಂಬುದೊಂದೇ ಅವರ ಆಸೆ.

ಮರುದಿನ ಕರಡು ಹಿಡಿದು ಒಬ್ಬಳೇ ಪ್ರೆಸ್ಸಿಗೆ ಹೋಗಿ, ಒಂದು ಹೆಸರು ದೊಡ್ಡದಾಗಬೇಕು ಎಂದೆ. ಅಚ್ಚಿನ ಅಕ್ಷರದ ಮೊಳೆ ಜೋಡಿಸುವವರು, “ಯಾರ್ ಹೆಸ್ರ್ ದೊಡ್ಡದ್ ಮಾಡ್ಕ್ ಅಮ್ಮ?” ಎಂದು ಕೇಳಿದರು. ಗಂಡನ ಹೆಸರನ್ನು ನಾವು ಬಾಯಲ್ಲಿ ಹೇಳುವವರಲ್ಲ. ಆ ಎಳ್ಳುಕಾಳಿನ ಮೇಲೆ ಬೆರಳಿಟ್ಟೆ. ಅವರು ಖಾನೆಗಳನ್ನೆಲ್ಲ ಎಳೆದು ನೋಡಿದರು. ಅತ್ತೆಗೆ ಕಾಣುವಷ್ಟು ದೊಡ್ಡದೆಂದರೆ ಆಟದ ನೋಟೀಸಿನ ಮೊಳೆ ಒಂದೇ.

“ಮದಿ ಕಾಗ್ದದಗೆ ಇದ್ ಕುಣಿತ್ ಅಮ್ಮ.”

“ಕುಣಿಲಿ” ಎಂದೆ. ಆ ಮಾತು ನನ್ನ ಬಾಯಿಂದ ಹೇಗೆ ಹೊರಟಿತೋ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೆವರಿದೆ.

ಅಚ್ಚಾದ ಕಾಗದ ಬಂದಾಗ ಮೈದುನ ತಲೆಯ ಮೇಲೆ ಕೈ ಹೊತ್ತು ಕೂತರು. ಅದೇ ಮಧ್ಯಾಹ್ನ ಕಿರಿಮಂಜೇಶ್ವರದಿಂದ ಬೀಗರು, ಅಂದರೆ ನಿಮ್ಮ ಅಪ್ಪನ ಅಪ್ಪ, ಬರಬೇಕೆ! ಒಂದು ಕಾಗದ ತೆಗೆದು ನೋಡಿದರು.

“ಹ್ವಾಯ್, ಮದಿ ಯಾರದ್ ಮಾರಾಯ್ರೆ? ನಮ್ ಮಾಣಿದಾ, ಇವ್ರದ್ದಾ?”

ನಾನು ಬಾಗಿಲ ಹಿಂದೆ ಸರಿದೆ. ಅತ್ತೆ ಅವರ ಕೈಯಿಂದಲೇ ಕಾಗದ ಎಳೆದುಕೊಂಡು ಮಾರುದ್ದ ದೂರ ಹಿಡಿದರು. ಒಂದೊಂದೇ ಅಕ್ಷರದ ಹೊಟ್ಟೆಯ ಮೇಲೆ ಬೆರಳು ಓಡಿಸಿದರು. ಆಮೇಲೆ ಹೆಸರು ಹೇಳಿದರು. ಓದಿದ ಹಾಗಿರಲಿಲ್ಲ, ಗದ್ದೆಯಲ್ಲಿದ್ದ ಮಗನನ್ನು ಊಟಕ್ಕೆ ಕರೆದ ಹಾಗಿತ್ತು.

ಬೀಗರು ಇನ್ನೊಂದು ಕಾಗದ ತೆಗೆದು ಮಡಚಿ ಜೇಬಿಗಿಟ್ಟುಕೊಂಡರು.

“ಅವ್ರೇ ಕರಿತ್ರ್ ಅಂದ್ಮೇಲೆ ಬರ್ದೇ ಇಪ್ಪುಕ್ ಆತ್ತಾ?” ಎಂದರು, ಅಜ್ಜನೇ ಮದುವೆಗೆ ಕರೆದಿದ್ದಾರೆ ಎನ್ನುವ ಹಾಗೆ.

ದಪ್ಪ ಅಕ್ಷರಕ್ಕೆ ಯಾವ ಜಾಗ ಸರಿ ಎಂದರೆ ನನಗೆ ಈಗಲೂ ಗೊಂದಲವೇ. ಆಟಕ್ಕೆ, ಸಂತೆಗೆ, ಸೋಡಾ ಅಂಗಡಿಗೆ ಸರಿ ಎನ್ನುತ್ತಾರೆ. ತಾವೇ ಬಂದು ಬಾಗಿಲಲ್ಲಿ ನಿಂತು ಕರೆಯಲಾರದವರ ಹೆಸರಿಗೂ ಸರಿಯಿರಬಹುದು.