ಭಾವನ ಕಾರಿನ ಬ್ರೇಕು

ಮೊನ್ನೆ ಅಕ್ಕನ ಮೊಮ್ಮಗಳ ಮದುವೆಗೆಂದು ಮುಳಬಾಗಿಲಿಗೆ ಹೋಗುವಾಗ ಬಸ್ಸಿನಲ್ಲಿ ಬ್ರೇಕ್ ಲೈನಿಂಗ್ ಸುಟ್ಟ ವಾಸನೆ ಬಂತು. ಪಕ್ಕದಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ವಾಸನೆ ಎಂದರೆ ನನಗೆ ಭಾವ, ಅಕ್ಕನ ಗಂಡ. ಅವರು ಹೋಗಿ ನಲವತ್ತು ವರ್ಷದ ಮೇಲಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಎಪ್ಪತ್ತರ ದಶಕದ ಕೊನೆ ಇರಬೇಕು. ಭಾವನಿಗೆ ಅವರ ತಂದೆಯಿಂದ ಬಂದ ಹಳೆಯ ಕಾರೊಂದಿತ್ತು. ರೇಷ್ಮೆಗೂಡು ಸಾಗಿಸಿ ಸಾಗಿಸಿ ಸವೆದ ಕಾರು. ಅದರ ಇಂಜಿನ್ ಬಿಚ್ಚಿ, ವೇಗ ಹೆಚ್ಚಲೆಂದು ಸಿಲಿಂಡರ್ ಬೋರ್ ಮಾಡಿಸಿ, ರೇಸಿಗೆ ಇಳಿಸಿದ್ದರು. ಬೈರಕೂರಿನ ಕಡೆ ರಸ್ತೆ ಒಂದಷ್ಟು ದೂರ ನೆಟ್ಟಗಿತ್ತು. ಭಾನುವಾರ ಮಧ್ಯಾಹ್ನ ಕೋಲಾರ, ಮಾಲೂರು, ಶ್ರೀನಿವಾಸಪುರದಿಂದೆಲ್ಲ ಕಾರು ತಂದವರು ಅಲ್ಲಿ ಇಬ್ಬಿಬ್ಬರಾಗಿ ನಿಲ್ಲುತ್ತಿದ್ದರು. ಕರವಸ್ತ್ರ ಬಿದ್ದೊಡನೆ ಹೊರಡಬೇಕು, ದೊಡ್ಡ ಹುಣಸೆಮರವನ್ನು ಮೊದಲು ದಾಟಿದವನು ಗೆದ್ದ. ಮರದಾಚೆ ರಸ್ತೆ ಕೆರೆ ಏರಿಯ ಮೇಲೆ ತಿರುಗುತ್ತಿತ್ತು. ಅಷ್ಟರೊಳಗೆ ಕಾರು ನಿಲ್ಲಿಸಬೇಕು.

ನಿಲ್ಲಿಸುವುದೇ ಕಷ್ಟ. ನಾಲ್ಕೂ ಚಕ್ರಕ್ಕೆ ಹಳೆಯ ಡ್ರಮ್ ಬ್ರೇಕು. ಒಂದೆರಡು ಓಟಕ್ಕೇ ಕಾದುಹೋಗಿ, ಪೆಡಲ್ ತುಳಿದರೂ ಕಾರು ಜಾರುತ್ತಲೇ ಇರುತ್ತಿತ್ತು. ಮನೆಗೆ ಬಂದಾಗ ಅಂಗಳವೆಲ್ಲ ಆ ಸುಟ್ಟ ವಾಸನೆ... ಕೊನೆಗೆ ಅಕ್ಕ ಹಠ ಹಿಡಿದಳು.

“ರೀ, ಬ್ರೇಕು ಸರಿ ಮಾಡ್ಸೋವರ್ಗೂ ನಾನೂ ಹತ್ತಲ್ಲ, ಮಗೂನೂ ಕೂರ್ಸಲ್ಲ. ಅದೇನ್ ಓಡಿಸ್ತೀರೋ ಒಬ್ರೇ ಓಡಿಸ್ಕೊಳ್ಳಿ.”

ಮೂರು ವರ್ಷದ ಮಗಳೆಂದರೆ ಭಾವನಿಗೆ ಪ್ರಾಣ. ಬೆಂಗಳೂರಿನ ಗುಜರಿಯಿಂದ ದೊಡ್ಡ ಗಾಡಿಯೊಂದರ ಡ್ರಮ್ಮುಗಳನ್ನು ತಂದು, ಕೋಲಾರದಲ್ಲಿ ಹೊಸ ಲೈನಿಂಗ್ ಹೊಡೆಸಿ, ವಾರವಿಡೀ ಅಂಗಳದಲ್ಲಿ ಒದ್ದಾಡಿ ಮುಂದಿನ ಎರಡು ಚಕ್ರಕ್ಕೆ ಕೂರಿಸಿದರು. ಗ್ರೀಸ್ ಕೈಯಲ್ಲೇ ಊಟಕ್ಕೆ ಬಂದು ಬೈಸಿಕೊಳ್ಳುತ್ತಿದ್ದರು. ಕೆಲಸ ಮುಗಿದ ದಿನ ನಮ್ಮನ್ನೆಲ್ಲ ಆವನಿ ಬೆಟ್ಟಕ್ಕೆ ಕರೆದೊಯ್ದರು. ದಾರಿಯಲ್ಲಿ ಜೋರಾಗಿ ಹೋಗಿ, ಗಕ್ಕನೆ ನಿಲ್ಲಿಸಿ, ಹಿಂದೆ ಕೂತಿದ್ದ ನನ್ನತ್ತ ತಿರುಗಿದರು.

“ನೋಡಮ್ಮಾ, ನಿಮ್ಮಕ್ಕನ ಬಾಯಿ ನಿಲ್ದೇ ಇದ್ರೂ ಗಾಡಿ ನಿಲ್ತದೆ!”

ಅಕ್ಕನೂ ನಕ್ಕಳು. ಎಷ್ಟು ಒಳ್ಳೆಯ ಮನುಷ್ಯ... ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಮುಂದಿನ ಭಾನುವಾರ ಮತ್ತೆ ರೇಸಿಗೆ ಹೋದರು. ಹೊಸ ಲೈನಿಂಗ್ ಡ್ರಮ್ಮಿಗೆ ತುಸು ಉಜ್ಜುತ್ತಿತ್ತಂತೆ. ಹೊರಡುವಾಗ ಗಾಡಿ ಹಿಡಿದಂತಾಗುತ್ತದೆ ಎಂದು ಗೆಳೆಯರು ಕಿವಿ ಊದಿದರಂತೆ. ಅಲ್ಲೇ ರಸ್ತೆ ಬದಿಯಲ್ಲಿ ಜಾಕ್ ಕೊಟ್ಟು ಬ್ರೇಕನ್ನು ಪೂರಾ ಸಡಿಲಿಸಿದರು. ಪೆಡಲನ್ನು ಎರಡು ಮೂರು ಸಲ ತುಳಿದರೆ ಹಿಡಿದೇ ಹಿಡಿಯುತ್ತದೆ ಎಂಬ ಧೈರ್ಯ. ಅವರೆಲ್ಲರೂ ಹಾಗೇ ಮಾಡುತ್ತಿದ್ದರಂತೆ! ವಾರವಿಡೀ ಹೆಂಡತಿ ಮಗುವಿಗಾಗಿ ಮಾಡಿದ ಕೆಲಸವನ್ನು ಒಂದು ಗಳಿಗೆಯಲ್ಲಿ ಹಾಳು ಮಾಡಲು ಮನಸ್ಸಾದರೂ ಹೇಗೆ ಬಂತು? ಮರವನ್ನು ಭಾವನೇ ಮೊದಲು ದಾಟಿದರು. ಮೊದಲ ಸಲ ತುಳಿದಾಗ ಪೆಡಲ್ ನೆಲ ಮುಟ್ಟಿರಬೇಕು. ಮತ್ತೆ ತುಳಿಯುವಷ್ಟರಲ್ಲಿ ಕಾರು ಏರಿಯಿಂದ ಕೆಳಗೆ ಹೋಗಿತ್ತು. ಕೆರೆಯಲ್ಲಿ ನೀರಿರಲಿಲ್ಲ, ಬರೀ ಕಲ್ಲು.

ಮೊನ್ನೆಯ ಮದುವೆಗೆ ಆ ಗೆಳೆಯರಲ್ಲಿ ಇಬ್ಬರು ಬಂದಿದ್ದರು. ತಲೆ ಬೆಳ್ಳಗಾಗಿದೆ, ಬುದ್ಧಿ ಹಾಗೇ ಇದೆ. ಒಬ್ಬರು ಮದುಮಗಳಿಗೆ ಹೇಳುತ್ತಿದ್ದರು: “ಏಂ ಪಿಕಪ್ಪಮ್ಮಾ ನಿಮ್ ತಾತಂದು! ಕೊನೇ ದಿನಾನೂ ಗೆದ್ದೇಬಿಟ್ಟ ಕಣಮ್ಮಾ!”

ನನಗೆ ತಡೆಯಲಾಗಲಿಲ್ಲ. “ಗಾಡಿ ನಿಲ್ಲಲಿಲ್ಲ ಅಂತಾನೂ ಹೇಳ್ರೀ. ಬ್ರೇಕು ಸಡಿಲ ಮಾಡೋಕೆ ಸ್ಪ್ಯಾನರ್ ಕೊಟ್ಟೋರು ಯಾರು ಅಂತಾನೂ ಹೇಳ್ರೀ!”

ಅವರು ತಲೆ ತಗ್ಗಿಸಿದರು. ಅಕ್ಕ ನನ್ನ ಕೈ ಹಿಡಿದುಕೊಂಡು, “ಬಿಡೇ, ಅವ್ರನ್ನ ಬೈದು ಏನ್ ಬಂತು?” ಎಂದಳು.

ಅವಳ ಮಾತು ನಿಜ. ನಾನು ಬೈಯಬೇಕಾದದ್ದು ಭಾವನನ್ನು. ಅವರಿದ್ದಾಗ ಎದುರು ನಿಂತು ದನಿ ಎತ್ತಿದವಳಲ್ಲ. ಈಗ ಅವರಿಗಿಂತ ನಾನೇ ಎಷ್ಟೋ ದೊಡ್ಡವಳು, ಏಕವಚನದಲ್ಲೇ ಬೈಯಬಲ್ಲೆ. ಆದರೆ ಬೈಸಿಕೊಂಡು ನಗಲು ಆ ಹುಡುಗ ಎಲ್ಲಿದ್ದಾನೆ?