ವಿಚಾರಣೆ ಅಕ್ಕ ಮೇಳಕ್ಕೆ ಹೋದದ್ದು

ಹತ್ತೊಂಬತ್ತು ವರ್ಷ ವಿಚಾರಣೆಯಲ್ಲಿದ್ದ ಹೆಂಗಸು ಎಂದರೆ ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಯಾವ ಕೇಸು, ಯಾವ ಕೋರ್ಟು ಎಂದು ಪಿಸುಗುಟ್ಟಿದವರೂ ಉಂಟು. ಪಾಪ, ಅವಳು ಇದ್ದದ್ದು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ. ಗಾಜಿನಲ್ಲಿ ಅಂಗೈಯಗಲದ ತೂತು, ಆ ಕಡೆ ಗಡಿಬಿಡಿಯ ಜನ, ಈ ಕಡೆ ಅವಳು. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರಂ, ಅದು ತಪ್ಪಿದರೆ ಮುಂದೇನು ಗತಿ, ಎಲ್ಲ ಬಾಯಿಪಾಠ. ಅವಳ ಹೆಸರು ಎಂದೋ ಮರೆತುಹೋಗಿತ್ತು. ಎಲ್ಲರಿಗೂ ಅವಳು ವಿಚಾರಣೆ ಅಕ್ಕ.

ಈಗ ಆ ಜಾಗದಲ್ಲಿ ಒಂದು ಪರದೆ ಬಂದು ಕೂತಿದೆ. ಬೆರಳು ತಾಗಿಸಿದರೆ ಬಸ್ಸಿನ ಸಮಯ ತೋರಿಸುತ್ತದೆ. ಅಕ್ಕನ ಕೈಗೆ ಒಂದು ಕಾಗದ, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಮನೆಯಲ್ಲಿ ಊಟಬಟ್ಟೆಗೆ ತೊಂದರೆಯಿರಲಿಲ್ಲ. ಗಂಡ ಲೇತ್ ಮಷೀನಿನ ಕೆಲಸಗಾರ, ಬಂಗಾರದಂಥ ಮನುಷ್ಯ. ಆದರೆ ದಿನಕ್ಕೆ ಆಡುವುದು ನಾಲ್ಕು ಮಾತು, ಅದರಲ್ಲಿ ಎರಡು 'ಹೂಂ'. ಯಾರೂ ಏನನ್ನೂ ಕೇಳದ ಆ ಮನೆಯಲ್ಲಿ ಒಂದು ವಾರ ಕಳೆಯುವಷ್ಟರಲ್ಲಿ ಅಕ್ಕನಿಗೆ ಉಸಿರು ಕಟ್ಟಿತು. ಇನ್ನು ಮುಂದೆಲ್ಲ ಹೀಗೇ ಇರಬೇಕೇ ಎಂದು ಅವಳಿಗೆ ನಿಜಕ್ಕೂ ಭಯವಾಯಿತು.

ಅಂಥ ಹೊತ್ತಿನಲ್ಲಿ, ಬೇರೆ ಮನೆ ಮಾಡಿಕೊಂಡಿದ್ದ ಮಗಳು ಉದ್ಯೋಗ ಮೇಳದ ಸುದ್ದಿ ತಂದಳು. ಸುದ್ದಿಯ ಜೊತೆ ಪಾಠವನ್ನೂ ತಂದಳು.

"ಅಲ್ಲಿ ಹೋಗಿ ಮೂಲೇಲಿ ನಿಂತ್ಕೋಬೇಡಮ್ಮಾ. ನೀನೇ ಮಾತಾಡ್ಸು. ನಿನ್ನ ಬಗ್ಗೆ ಅರ್ಧ ನಿಮಿಷದಲ್ಲಿ ಹೇಳು, ಬಯೋಡೇಟಾ ಕೊಡು, ಅವರ ಕಾರ್ಡ್ ಇಸ್ಕೋ."

"ಅರ್ಧ ನಿಮಿಷದಲ್ಲಿ ಆರು ಬಸ್ ಬೇಕಾದ್ರೆ ಹೇಳ್ತೀನಿ ಕಣೇ. ನನ್ನ ಬಗ್ಗೆ ಏನು ಹೇಳ್ಲಿ?"

ಅದೇ ಕಷ್ಟವಾದದ್ದು. ಕನ್ನಡಿಯ ಮುಂದೆ ನಿಂತರೆ 'ನಾನು' ಎಂಬಲ್ಲಿಗೇ ಬಾಯಿ ಒಣಗುತ್ತಿತ್ತು. ಕೊನೆಗೆ ಗಂಡನನ್ನೇ ಸಾಹೇಬರನ್ನಾಗಿ ಮಾಡಿ ಕುರ್ಚಿಯಲ್ಲಿ ಕೂರಿಸಿ ಒಪ್ಪಿಸಿದಳು. ಅವನು ಪೂರ್ತಿ ಕೇಳಿಸಿಕೊಂಡು "ಕೆಲಸ ಕೊಟ್ಟೆ" ಎಂದ. ಆ ದಿನದ ಅವನ ಮಾತಿನಲ್ಲಿ ಅರ್ಧ ಅಲ್ಲಿಗೇ ಖರ್ಚಾಯಿತು.

ಮೇಳ ನಡೆದದ್ದು ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳಿದಳು, "ನೀವು ಯಾವುದ್ರಲ್ಲಿ?"

"ವಿಚಾರಣೇಲಿ," ಅಂದಳು ಅಕ್ಕ.

"ಅಯ್ಯೋ, ಬೆಳಿಗ್ಗೆಯಿಂದ ನಿಮ್ಮನ್ನೇ ಕಾಯ್ತಾ ಇದೀವಿ, ಒಳಗೆ ಹೋಗಿ ಹೋಗಿ," ಎಂದವಳೇ ಅವಳ ಕೊರಳಿಗೆ ಹಳದಿ ಬ್ಯಾಡ್ಜ್ ಹಾಕಿಬಿಟ್ಟಳು. ದಪ್ಪ ಅಕ್ಷರದಲ್ಲಿ 'ವಿಚಾರಣೆ' ಎಂದಿತ್ತು. ಆಹಾ, ಮಾಡಿದ ಕೆಲಸವನ್ನೇ ಕೊರಳಿಗೆ ಹಾಕುತ್ತಾರಲ್ಲ, ಎಂಥ ಮರ್ಯಾದೆ ಎಂದು ಅಕ್ಕ ಉಬ್ಬಿಹೋದಳು.

ಒಳಗೆ ಕಾಲಿಟ್ಟು ಎರಡು ನಿಮಿಷವಾಗಿಲ್ಲ, ಫೈಲು ಎದೆಗವಚಿಕೊಂಡ ಹುಡುಗಿಯೊಬ್ಬಳು ಓಡಿಬಂದಳು. "ಮೇಡಂ, ಬ್ಯಾಂಕಿನವರು ಎಲ್ಲಿ ಕೂತಿದ್ದಾರೆ?"

ಗೊತ್ತಿಲ್ಲ ಎನ್ನಬಹುದಿತ್ತು. ಹತ್ತೊಂಬತ್ತು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದಿಲ್ಲ. "ಒಂದು ನಿಮಿಷ ಇರಮ್ಮಾ," ಎಂದು ಸರಸರನೆ ಸಾಲು ಸುತ್ತಿ ಬಂದು, "ಎಡಗಡೆ ಮೂರನೇದು. ಆದ್ರೆ ಅವರೀಗ ಟೀಗೆ ಎದ್ದಿದ್ದಾರೆ, ಅಷ್ಟರಲ್ಲಿ ವಿಮೆಯವರನ್ನ ನೋಡ್ಕೊಂಡು ಬಾ," ಎಂದಳು.

ಆಮೇಲೆ ಶುರುವಾಯಿತು ನೋಡಿ. ಶೌಚಾಲಯ ಎಲ್ಲಿ, ಜೆರಾಕ್ಸ್ ಎಲ್ಲಿ, ಡಿಪ್ಲೊಮಾದವರನ್ನು ಯಾರು ತಗೋತಾರೆ, ಬಯೋಡೇಟಾಕ್ಕೆ ಫೋಟೊ ಬೇಕೇ. ಅಕ್ಕ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದಳು. ಐವತ್ತೆರಡು ಮೇಜಿಗೂ ಹೋಗಿ "ನಿಮಗೆ ಎಂಥವರು ಬೇಕು?" ಎಂದು ಕೇಳಿದಳು, ಅಂಥವರನ್ನು ಹುಡುಕಿ ಕಳಿಸಿದಳು. ಗಂಟಲು ಒಡೆಯಿತು, ಕಾಲು ಪದ ಹೇಳಿತು, ಮುಖ ಮಾತ್ರ ಅರಳಿಕೊಂಡೇ ಇತ್ತು. ಎಷ್ಟೋ ದಿನದ ಮೇಲೆ ಅವಳಿಗೆ ಬದುಕಿದ್ದೇನೆ ಅನ್ನಿಸಿತ್ತು.

ಮಧ್ಯಾಹ್ನ ಮಗಳ ಫೋನು. "ಎಷ್ಟು ಬಯೋಡೇಟಾ ಕೊಟ್ಟೆ?"

"ಎಲ್ಲಿ ಪುರುಸೊತ್ತೇ? ಜನ ಕಾಯ್ತಾ ಇದ್ದಾರೆ, ಇಡು ಫೋನು."

ಐದು ಗಂಟೆಗೆ ಮೇಜುಗಳನ್ನು ಮಡಚತೊಡಗಿದಾಗ ಅಕ್ಕ ಒಂದು ಕುರ್ಚಿಯಲ್ಲಿ ಕುಸಿದಳು. ಚೀಲ ತೆರೆದರೆ ಹತ್ತು ಬಯೋಡೇಟಾ, ಹತ್ತೂ ಹಾಗೇ. ಊರವರಿಗೆಲ್ಲ ದಾರಿ ತೋರಿಸಿ, ಬಂದ ಕೆಲಸವನ್ನೇ ಮರೆತಿದ್ದಳು. ನಾಳೆ ಬೆಳಿಗ್ಗೆ ಮತ್ತೆ ಅದೇ ಮನೆ, ಅದೇ 'ಹೂಂ'.

ಆಗ ಆಸ್ಪತ್ರೆಯ ಮೇಜಿನ ಮ್ಯಾನೇಜರಮ್ಮ ಬಂದು ಪಕ್ಕದಲ್ಲಿ ಕೂತರು. ಬೆಳಿಗ್ಗೆಯಿಂದ ಅಕ್ಕ ಅವರಿಗೆ ಏಳು ನರ್ಸುಗಳನ್ನು, ಒಬ್ಬ ಲ್ಯಾಬಿನವನನ್ನು ಕಳಿಸಿದ್ದಳು.

"ನೀವು ಕಳಿಸಿದವರಲ್ಲಿ ಒಬ್ಬರೂ ದಂಡ ಆಗ್ಲಿಲ್ಲ ನೋಡಿ," ಎಂದರು ಅವರು. "ಒಂದೇ ಒಂದು ಜಾಗ ಉಳೀತು. ಬಾಗಿಲಲ್ಲಿ ಕೂರೋಕೆ ಒಬ್ಬರು ಬೇಕು. ಗಾಬರಿಯಾಗಿ ಬರೋರಿಗೆ ಸಮಾಧಾನ ಹೇಳಿ, ಎಲ್ಲಿಗೆ ಹೋಗ್ಬೇಕು ಅಂತ ಹೇಳೋರು. ನಿಮಗೆ ಯಾರಾದ್ರೂ ಗೊತ್ತಾ?"

ಅಕ್ಕ ಕಣ್ಣು ಮುಚ್ಚಿ ಹುಡುಕತೊಡಗಿದಳು, ಪುಣ್ಯಾತ್ಗಿತ್ತಿ. ಬೆರಳು ಮಡಚಿ ಎಣಿಸಿದಳು: ಆ ಫೈಲಿನ ಹುಡುಗಿಗೆ ಮಾತು ಕಡಿಮೆ, ವಿಮೆ ಕೇಳಿದವನಿಗೆ ತಾಳ್ಮೆಯಿಲ್ಲ, ಕನ್ನಡಕದವಳಿಗೆ ಬ್ಯಾಂಕಿನಲ್ಲೇ ಕೆಲಸವಾಯಿತು. ಕೈಯ ಬೆರಳೆಲ್ಲ ಮುಗಿದವು. ಮುಗಿದ ಮೇಲೆ ತಟ್ಟನೆ ಕಣ್ಣು ತೆರೆದಳು.

"ನಾನಿದೀನಿ," ಅಂದಳು.

"ನೀವಾ? ನೀವು ಮೇಳದವರಲ್ವಾ?"

"ಅಲ್ಲ ಮೇಡಂ. ನಾನೂ ಕೆಲಸ ಕೇಳ್ಕೊಂಡೇ ಬಂದವಳು. ಕೇಳೋದೊಂದು ಮರೆತುಹೋಯ್ತು."

ಮ್ಯಾನೇಜರಮ್ಮ ಅವಳ ಬ್ಯಾಡ್ಜ್ ನೋಡಿದರು, ಮುಖ ನೋಡಿದರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಕ್ಕನಿಗೂ ತಡೆಯಲಾಗಲಿಲ್ಲ. ಕುರ್ಚಿ ಹೊರುತ್ತಿದ್ದವರು ನಿಂತು ನೋಡುವ ಹಾಗೆ ಇಬ್ಬರೂ ನಕ್ಕರು.

"ಸೋಮವಾರ ಒಂಬತ್ತಕ್ಕೆ ಬಂದುಬಿಡಿ," ಎಂದರು ಮ್ಯಾನೇಜರಮ್ಮ ಕಣ್ಣೊರೆಸಿಕೊಂಡು. "ದಾರಿ ಹೇಳ್ತೀನಿ ಕೇಳಿ. ನಿಲ್ದಾಣದಲ್ಲಿ ಎರಡನೇ ಪ್ಲಾಟ್‌ಫಾರಂಗೆ ಹೋಗಿ, ಹದಿನಾಲ್ಕನೇ ನಂಬರ್ ಬಸ್ ಹತ್ತಿ."

ಹದಿನಾಲ್ಕು ಬರುವುದು ಐದನೇ ಪ್ಲಾಟ್‌ಫಾರಂಗೆ. ಅದು ಆಸ್ಪತ್ರೆಯ ಕಡೆ ಹೋಗುವುದೇ ಇಲ್ಲ. ಅಕ್ಕನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಆದರೆ ತನಗೆ ದಾರಿ ಹೇಳುವವರು ಒಬ್ಬರು ಸಿಕ್ಕಿದ್ದು ಇದೇ ಮೊದಲು. ಅವಳು ಕೈಕಟ್ಟಿ ಕೂತು, ಇಳಿಯುವ ಸ್ಟಾಪಿನವರೆಗೂ ಆ ತಪ್ಪು ದಾರಿಯನ್ನು ಪೂರ್ತಿ ಕೇಳಿಸಿಕೊಂಡಳು.